ಲಸಿಕೆ ಬೇಡ ಎನ್ನುವವರನ್ನು ಕೆಲಸ ಬಿಡಿಸಬೇಕಾ?

ಲಸಿಕೆ ಬೇಡ ಅನ್ನೋದು ಹೆಚ್ಚಾಗಿ ಕೂಲಿ ಹೋಗುವ ಹೆದರಿಕೆಯಿಂದ. ಉಡುಪಿಯಲ್ಲಿ ನಿಮ್ಮ ಅಮ್ಮನನ್ನು ನೋಡಿಕೊಳ್ಳುವ ಕೆಲಸದ ಅಕ್ಕ ಕೋವಿಡ್ ಲಸಿಕೆಗೆ "ನನ್ನ ಮೈ, ನನ್ನಿಷ್ಟ" ಅಂತಾರೆ, ಬಿಡಿಸಬಹುದಾ ಅಂತ ಕೇಳಿದ್ದೀರಿ. ನಮ್ಮಲ್ಲಿ ಬರುವವರೂ ಹಾಗೇ ಅಂದಿದ್ದರು. ವಿಚಾರಿಸಿದರೆ, ಲಸಿಕೆಯಿಂದ ಜ್ವರ ಬಂದು ಮಲಗಿದರೆ ಮೂರು ಮನೆಯ ಸಂಬಳ ಕಟ್!

ಮೊದಲು ಅಮ್ಮನ ಮೂರನೇ ಡೋಸ್ ಬಾಕಿ ಇದ್ರೆ ಹಾಕಿಸಿ. ಲಸಿಕೆ ಹಾಕಿಸಿಕೊಂಡವರಿಂದಲೂ ಸೋಂಕು ಹರಡಬಹುದು, ಎಲ್ಲ ಭಾರ ಆ ಅಕ್ಕನೊಬ್ಬಳ ಮೇಲೇ ಹೊರಿಸೋದು ನ್ಯಾಯ ಅಲ್ಲ ಅಲ್ವಾ? ಆಮೇಲೆ ಅವರೊಬ್ಬರೇ ಇರುವಾಗ ಮಾತಾಡಿ. ಎರಡು ದಿನ ಸಂಬಳ ಸಹಿತ ರಜೆ ಕೊಡಿ. ಆರೋಗ್ಯ ಕೇಂದ್ರಕ್ಕೆ ನೀವೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ಚುಚ್ಚಿದ ಮೇಲಿನ ಅರ್ಧ ಗಂಟೆ ಜೊತೆಗೆ ಕೂತಿರಿ. ಅಲರ್ಜಿ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಇಷ್ಟಾದರೂ ಒಪ್ಪುತ್ತಾರೆ ಅನ್ನುವ ಖಾತ್ರಿ ಇಲ್ಲ. ಆಗ ಒತ್ತಾಯ ಬೇಡ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿದೆ. ಜನರ ಆರೋಗ್ಯಕ್ಕಾಗಿ ಸರ್ಕಾರ ಮಿತಿಯೊಳಗೆ ನಿರ್ಬಂಧ ಹಾಕಬಹುದು ಅಂತಲೂ ಅದೇ ತೀರ್ಪಿನಲ್ಲಿದೆ. ಮನೆಯೊಳಗೆ ನೀವು ಕೇಳಬಹುದಾದ್ದು ಇಷ್ಟು: ಅಮ್ಮನ ಕೋಣೆಯಲ್ಲಿ ಮಾಸ್ಕ್, ತೆರೆದ ಕಿಟಕಿ, ಕೆಮ್ಮು ಇದ್ದ ದಿನ ಫೋನ್ ಮಾಡಿ ರಜೆ. ಆ ದಿನದ ಸಂಬಳ ಮಾತ್ರ ಹಿಡಿಯಬೇಡಿ, ಇಲ್ಲಾಂದ್ರೆ ಕೆಮ್ಮು ಮುಚ್ಚಿಟ್ಟುಕೊಂಡೇ ಬರ್ತಾರೆ.