ಬಾಯಲ್ಲಿ ಸ್ತೋತ್ರ, ಹೊಟ್ಟೆಯಲ್ಲಿ ಸಿಟ್ಟು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ನಿದ್ದೆ ಬರುತ್ತಿಲ್ಲವೆಂದು ಬಂದವರು 41ರ ಮಹಿಳೆ, ಧಾರವಾಡ ಕಡೆಯ ಕ್ರೈಸ್ತ ಕುಟುಂಬದವರು. ಗಂಡನ ಎರಡೂ ಕಿಡ್ನಿ ಸೋತಿವೆ. ವಾರಕ್ಕೆ 3 ಸಲ, ಸಲಕ್ಕೆ ಸುಮಾರು 4 ತಾಸು ಡಯಾಲಿಸಿಸ್. ತಮ್ಮದೇ ಕಿಡ್ನಿ ಕೊಡುತ್ತೇನೆಂದಿದ್ದರು. ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯರು ಬೇಡವೆಂದರು. ಈಗ ಗಂಡನ ಹೆಸರು, ಮೃತರ ಅಂಗದಾನಕ್ಕೆ ಕಾಯುವವರ ರಾಜ್ಯದ ‘ಜೀವಸಾರ್ಥಕತೆ’ ಪಟ್ಟಿಯಲ್ಲಿದೆ. ಕರೆ ಯಾವಾಗ ಬಂದೀತೋ ಎಂದು ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ.

ಮೊದಲ ದಿನ ಮಾತೆಲ್ಲ ಒಂದೇ: “ದೇವರು ಒಳ್ಳೇದು ಮಾಡ್ತಾನ್ರಿ ಮೇಡಂ.” ರಾತ್ರಿ ಒಬ್ಬರೇ ಇದ್ದಾಗ ಅವನಿಗೆ ಏನು ಹೇಳ್ತೀರಿ ಎಂದೆ. ಬಹಳ ಹೊತ್ತು ಸೆರಗಿನ ಅಂಚು ಸುತ್ತುತ್ತ ಕೂತರು.

“ಏನೂ ಹೇಳಂಗಿಲ್ರಿ. ಬಾಯಿ ತೆಗೆದ್ರ ಬೈಗುಳನ ಬರ್ತಾವು. ಅದಕ್ಕ ಸುಮ್ನ ಇರ್ತೀನಿ.”

ಮನೆ ಪ್ರಾರ್ಥನೆಯಲ್ಲೊಮ್ಮೆ ಅತ್ತಾಗ ಹಿರಿಯರೊಬ್ಬರು, ವಿಶ್ವಾಸ ಇದ್ದವರು ಹೀಗೆ ಅಳುವುದಿಲ್ಲ ಎಂದಿದ್ದರಂತೆ. ಆ ಹಿರಿಯರ ಮೇಲೆ ನನಗೆ ಬಂದ ಸಿಟ್ಟನ್ನು ಅಲ್ಲಿ ತೋರಿಸಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನಾನು ಅವರ ಧರ್ಮದವಳಲ್ಲ. ವಿಠಲನನ್ನೇ ತರಾಟೆಗೆ ತೆಗೆದುಕೊಳ್ಳುವ ದಾಸರ ನಿಂದಾಸ್ತುತಿ ಕೇಳಿ ಬೆಳೆದವಳು. ಆದರೆ ಅವರಿಗೆ ಬೇಕಿದ್ದದ್ದು ಅವರ ಮನೆಯ ಮಾತು. ಸತ್ಯವೇದ (ಬೈಬಲ್) ಚೀಲದಲ್ಲೇ ಇತ್ತು. ಅದರ 13ನೇ ಕೀರ್ತನೆ ಓದಿಸಿದೆ. ಹಾಡುವವನು ಮೊದಲ 2 ವಚನಗಳಲ್ಲೇ ‘ಇನ್ನೆಷ್ಟು ಕಾಲ’ ಎಂದು 4 ಸಲ ಕೇಳುತ್ತಾನೆ. ಆ ಹಾಡು ಕೊನೆಗೆ ಭರವಸೆಗೆ ತಿರುಗುತ್ತದೆ. ಹಾಗಾಗಿ 88ನೆಯದನ್ನೂ ಓದಿಸಿದೆ. ಅಲ್ಲಿ ತಿರುವೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ.

“ಇದರ ಮ್ಯಾಲ ಯಾರೂ ಸಂದೇಶ ಕೊಟ್ಟಿದ್ದು ಕೇಳಿಲ್ರಿ ನಾ,” ಎಂದರು. ಮೊದಲ ಸಲ ಸಣ್ಣಗೆ ನಕ್ಕರು.

“ಮಾತು ಬಿಟ್ಟವರ ಜೊತೆ ಯಾರಾದ್ರೂ ಜಗಳಕ್ಕೆ ಹೋಗ್ತಾರೇನ್ರಿ?” ಎಂದೆ. ರಾತ್ರಿ 10 ನಿಮಿಷ ಒಂದು ನೋಟ್‌ಬುಕ್ಕಿನಲ್ಲಿ ದೇವರಿಗೇ ಬರೆಯಲು ಹೇಳಿದೆ. ಇದ್ದದ್ದು ಇದ್ದ ಹಾಗೆ. ಬೈಗುಳ ಬಂದರೆ ಬೈಗುಳ. ಕೊನೆಯಲ್ಲಿ ಸ್ತೋತ್ರ ಸೇರಿಸಲೇಬೇಕೆಂದಿಲ್ಲ. ಇದರಿಂದ ಕಿಡ್ನಿ ಬೇಗ ಸಿಗುತ್ತದೆಂದು ನಾನು ಹೇಳಲಾರೆ, ಯಾರಾದರೂ ಹೇಳಿದರೆ ನಂಬಬೇಡಿ ಎಂದೂ ಸೇರಿಸಿದೆ. ಕೈಯಲ್ಲಿರುವ ಕೆಲಸವೂ ಇತ್ತು: ಅವರ ಸಕ್ಕರೆ ಪರೀಕ್ಷೆ ತಿಂಗಳುಗಟ್ಟಲೆ ತಪ್ಪಿತ್ತು, ವಾರದಲ್ಲಿ ಒಂದು ಡಯಾಲಿಸಿಸ್‌ಗೆ ಮೈದುನ ಜೊತೆಗೆ ಹೋಗಬಹುದಿತ್ತು. 2 ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರು. ಮಧ್ಯರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

3 ವಾರ ಬಿಟ್ಟು ಬಂದರು. ನಿದ್ದೆ 5 ತಾಸಿಗೆ ಬಂದಿದೆ. ಪಟ್ಟಿಯಲ್ಲಿ ಹೆಸರು ಹಾಗೇ ಇದೆ. ನೋಟ್‌ಬುಕ್ಕಿನ ಒಂದು ಪುಟ ಅವರೇ ತೋರಿಸಿದರು, ಬರೆಯಲು ಒಪ್ಪಿಗೆಯನ್ನೂ ಕೊಟ್ಟರು. ಮೇಲಿಂದ ಕೆಳತನಕ ಜಗಳ. ಕಡೆಯಲ್ಲಿ:

“ನಾಳೆ ಬುಧವಾರ. ಅವರಿಗೆ ಸೂಜಿ ಚುಚ್ಚೂ ಮುಂದ ನನ್ನ ಹೊರಗ ಕೂಡಸ್ತಾರ. ನೀ ಒಳಗ ಇರು.”