ಇನ್ನೂರು ಪುಟದ ತಾಂತ್ರಿಕ ವರದಿಗೆ ವರ್ಡ್ ಬಿಟ್ಟು ಲೇಟೆಕ್‌ಗೆ ಹೋಗಬೇಕಾ?

ಪಠ್ಯದ ಜೊತೆ ಆದೇಶಗಳನ್ನೂ ಬರೆದು ಪಿಡಿಎಫ್ ಮಾಡಿಸುವ ತಂತ್ರಾಂಶ ಲೇಟೆಕ್. ಅದರಲ್ಲಿ ವರದಿ ನೋಡಲು ಚೆನ್ನಾಗಿ ಬರುತ್ತದೆ, ಅದಕ್ಕೇ ಹೋಗಬೇಕು ಅಂತಿದ್ದೀರಿ. ನಾನೂ ಇದೇ ಕಾರಣಕ್ಕೆ ಹೋದವನು. ಆಮೇಲೆ ಏನಾಯಿತು ಅಂತ ಹೇಳುತ್ತೇನೆ.

ಆಗ ನಾನು ಪಂಪ್‌ಗಳ ಪರೀಕ್ಷಾ ವರದಿ ಬರೆಯುತ್ತಿದ್ದೆ. ಅಧ್ಯಾಯಕ್ಕೆ ಅಧ್ಯಾಯ ಒತ್ತಡ, ತಾಪಮಾನ, ಕಂಪನದ ಕೋಷ್ಟಕಗಳೇ. ವರ್ಡ್‌ನಲ್ಲಿ ಇದ್ದದ್ದನ್ನೆಲ್ಲ ಲೇಟೆಕ್‌ಗೆ ಸಾಗಿಸಿದೆ. ಮೊದಲ ಪಿಡಿಎಫ್ ನೋಡಿ ಖುಷಿಯೋ ಖುಷಿ. ಸಮೀಕರಣಗಳು ಅಚ್ಚುಕಟ್ಟು, ಪದಗಳ ನಡುವಿನ ಜಾಗ ಹದವಾಗಿತ್ತು. ಅದು ಹಾಗೇ ಇರಬೇಕಾದದ್ದು. ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಅಚ್ಚಿನ ಕರಡು ನೋಡಿ ಬೇಸತ್ತು 1977ರಲ್ಲಿ ಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶದ ಕೆಲಸಕ್ಕೆ ಕೈ ಹಾಕಿದವರು. ಲೇಟೆಕ್ ನಿಂತಿರುವುದು ಅದರ ಮೇಲೆಯೇ.

ಈಗ ನನ್ನ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಕಣ್ಣಿಗೆ ಬೀಳುವ ತಪ್ಪಲ್ಲ.

ಲೇಟೆಕ್‌ನಲ್ಲಿ ಕೋಷ್ಟಕಕ್ಕೆ ಎರಡು ಆದೇಶ ಕೊಡುತ್ತೀರಿ. ಶೀರ್ಷಿಕೆಗೆ ಕ್ಯಾಪ್ಶನ್, ಗುರುತಿಗೆ ಲೇಬಲ್. ಪಠ್ಯದಲ್ಲಿ ರೆಫ್ ಎಂದು ಬರೆದರೆ ಆ ಗುರುತಿನ ಸಂಖ್ಯೆ ತಾನಾಗಿ ಬರುತ್ತದೆ. ನಾನು ಲೇಬಲ್ ಅನ್ನು ಕ್ಯಾಪ್ಶನ್‌ಗಿಂತ ಮೇಲಿನ ಸಾಲಿನಲ್ಲಿ ಇಟ್ಟೆ. ಎಲ್ಲಾ ಕಡೆ. ಹೆಸರು ಮೊದಲು ಇದ್ದರೆ ಹುಡುಕಲು ಸುಲಭ ಅನ್ನಿಸಿತ್ತು. ಆದರೆ ಕೋಷ್ಟಕಕ್ಕೆ ಸಂಖ್ಯೆ ಹುಟ್ಟುವುದೇ ಕ್ಯಾಪ್ಶನ್ ಬಂದಾಗ. ಅದಕ್ಕೂ ಮೊದಲು ಲೇಬಲ್ ಬಂದರೆ, ಅಲ್ಲಿಯವರೆಗೆ ಕೊನೆಯದಾಗಿ ಹುಟ್ಟಿದ ಸಂಖ್ಯೆಯನ್ನು ಅದು ಹಿಡಿದುಕೊಳ್ಳುತ್ತದೆ. ಅಂದರೆ ವಿಭಾಗದ ಸಂಖ್ಯೆಯನ್ನು.

ಲೇಟೆಕ್‌ನ ‘ರಿಪೋರ್ಟ್’ ಮಾದರಿಯಲ್ಲಿ ವಿಭಾಗದ ಸಂಖ್ಯೆಯೂ ಕೋಷ್ಟಕದ ಸಂಖ್ಯೆಯೂ 4.2 ಅನ್ನುವ ಒಂದೇ ರೂಪದಲ್ಲಿರುತ್ತವೆ, ಅಲ್ವಾ? ಹಾಗಾಗಿ ವಿಭಾಗ 4.2ರೊಳಗಿನ ಕೋಷ್ಟಕಕ್ಕೆ 4.5 ಎಂದು ಬರಬೇಕಾದಲ್ಲಿ 4.2 ಎಂದು ಬಂತು. ಗುರುತು ಇಲ್ಲದಿದ್ದರೆ ಎರಡು ಪ್ರಶ್ನಾರ್ಥಕ ಚಿಹ್ನೆ ಬರುತ್ತಿತ್ತು, ಆಗಲೇ ಎಚ್ಚರವಾಗುತ್ತಿತ್ತು. ಇಲ್ಲಿ ಗುರುತು ಇತ್ತು, ಸಂಖ್ಯೆಯೂ ಇತ್ತು. ಲೇಟೆಕ್ ಸುಮ್ನೆ ಇತ್ತು. ಕೋಷ್ಟಕ 4.2ರಲ್ಲಿ ಇದ್ದದ್ದೂ ಕಂಪನದ ಮಿತಿಗಳೇ, ಆದರೆ ಬೇರೆ ಮಾದರಿಯ ಪಂಪ್‌ನವು. ಗ್ರಾಹಕರ ಕಡೆಯವರು ಅದನ್ನೇ ನಂಬಿ ಅಲಾರಂ ಮಿತಿ ಇಟ್ಟರು. ಪಂಪ್ ಸರಿಯಿದ್ದರೂ ಅಲಾರಂ ಹೊಡೆದುಕೊಳ್ಳುತ್ತಲೇ ಇತ್ತು. ವರದಿ ವಾಪಸ್ ಬಂತು, ಮುಂದಿನ ಹಂತದ ಕೆಲಸ ನಮಗೆ ಸಿಗಲಿಲ್ಲ. ಆ ಇಡೀ ವರದಿಯಲ್ಲಿ ಅಚ್ಚಿನ ಅಂದಕ್ಕೆ ಒಂದು ದೂರೂ ಬಂದಿರಲಿಲ್ಲ.

ಅದಕ್ಕೇ ಹೇಳುವುದು, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ತಾಂತ್ರಿಕ ವರದಿಯಲ್ಲಿ ಅಂದ ಎರಡನೆಯ ಮಾತು. ಉಲ್ಲೇಖ ತಪ್ಪಿದಾಗ ಯಾವ ಸಾಫ್ಟ್‌ವೇರ್ ಕೂಗಿ ಹೇಳುತ್ತದೆ? ನಿಮ್ಮ ನಂತರ ಆ ಫೈಲನ್ನು ಯಾರು ತಿದ್ದುತ್ತಾರೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಮುಗಿದಂತೆಯೇ.

ನಿಮ್ಮ ಜೊತೆ ಕೆಲಸ ಮಾಡುವವರಿಗೆ ವರ್ಡ್ ಮಾತ್ರ ಗೊತ್ತಿದ್ದರೆ ವರ್ಡ್‌ನಲ್ಲೇ ಇರಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಶೀರ್ಷಿಕೆಗಳಿಗೆ ಸ್ಟೈಲ್ ಬಳಸಿ. ಕೋಷ್ಟಕದ ಸಂಖ್ಯೆಯನ್ನು ಕೈಯಲ್ಲಿ ಟೈಪ್ ಮಾಡಲೇಬೇಡಿ, ಇನ್ಸರ್ಟ್ ಕ್ಯಾಪ್ಶನ್ ಮತ್ತು ಕ್ರಾಸ್ ರೆಫರೆನ್ಸ್ ಇದಕ್ಕೆಂದೇ ಇವೆ. ನಡುವೆ ಕೋಷ್ಟಕ ಸೇರಿಸಿದಾಗ ಪಠ್ಯದಲ್ಲಿನ ಉಲ್ಲೇಖಗಳು ತಕ್ಷಣ ಬದಲಾಗುವುದಿಲ್ಲ. ಕಳಿಸುವ ಮುಂಚೆ ಕಂಟ್ರೋಲ್ ಎ ಒತ್ತಿ, ಆಮೇಲೆ ಎಫ್9 ಒತ್ತಿ. ನಂತರ, ಕಡಿದುಹೋದ ಉಲ್ಲೇಖದ ಜಾಗದಲ್ಲಿ ಬರುವ ‘ಎರರ್’ (Error) ಅನ್ನುವ ಪದ ಎಲ್ಲಾದರೂ ಇದೆಯಾ ಎಂದು ಹುಡುಕಿ.

ಸಮೀಕರಣ ಜಾಸ್ತಿ ಇದ್ದು, ಬರೆಯುವವರು ನೀವೊಬ್ಬರೇ ಆದರೆ ಲೇಟೆಕ್ ಒಳ್ಳೆಯದು. ಲೇಬಲ್ ಯಾವಾಗಲೂ ಕ್ಯಾಪ್ಶನ್ ಕೆಳಗೆ ಇರಲಿ. ಬರೀ ರೆಫ್ ಬಿಟ್ಟು ಕ್ಲೆವರ್‌ರೆಫ್ ಪ್ಯಾಕೇಜ್ ಬಳಸಿ, ಪಿಡಿಎಫ್‌ನಲ್ಲಿ ಕೊಂಡಿ ಹಾಕುವ ಹೈಪರ್‌ರೆಫ್ ಪ್ಯಾಕೇಜ್ ಇದ್ದರೆ ಅದಾದಮೇಲೆ ಇದನ್ನು ಸೇರಿಸಿ. ಕ್ಲೆವರ್‌ರೆಫ್ ಸಂಖ್ಯೆಯ ಜೊತೆ ‘ಕೋಷ್ಟಕ’ವೋ ‘ವಿಭಾಗ’ವೋ ಅನ್ನುವುದನ್ನೂ ತಾನೇ ಬರೆಯುತ್ತದೆ. ಕನ್ನಡದ ಹೆಸರುಗಳನ್ನು ಒಮ್ಮೆ ಕೊಟ್ಟಿಡಬೇಕು ಅಷ್ಟೇ. ನಾನು ಅದನ್ನು ಬಳಸಿದ್ದರೆ ‘ವಿಭಾಗ 4.2’ ಎಂದು ಬಂದು ಮೊದಲ ಓದಿನಲ್ಲೇ ಸಿಕ್ಕಿಬೀಳುತ್ತಿತ್ತು. ಲೇಟೆಕ್ ಫೈಲನ್ನು ಪಿಡಿಎಫ್ ಮಾಡುವ ಎಂಜಿನ್‌ಗಳು ಹಲವು ಇವೆ. ವರದಿ ಕನ್ನಡದಲ್ಲಿದ್ದರೆ ಪಿಡಿಎಫ್‌ಲೇಟೆಕ್ ಕೈಬಿಡಿ, ಒತ್ತಕ್ಷರ ಸರಿ ಬರುವುದಿಲ್ಲ. ಝೀಲೇಟೆಕ್ ಅಥವಾ ಒತ್ತಕ್ಷರ ಜೋಡಿಸುವ ಹಾರ್ಫ್‌ಬಝ್ ಆಯ್ಕೆಯೊಂದಿಗೆ ಲುವಾಲೇಟೆಕ್ ಬಳಸಿ, ಯೂನಿಕೋಡ್ ಫಾಂಟ್ ಕೊಡಿ.

ಎರಡೂ ಗೊತ್ತಿಲ್ಲ, ಸೊನ್ನೆಯಿಂದ ಶುರು ಅಂದರೆ ನಾನು ಲೇಟೆಕ್‌ನಂತೆಯೇ ಆದೇಶ ಬರೆದು ಪಿಡಿಎಫ್ ಮಾಡಿಸುವ ಟೈಪ್ಸ್ಟ್ ಕಡೆಗೆ ಬೆರಳು ತೋರಿಸುತ್ತೇನೆ. 2023ರಲ್ಲಿ ಮುಕ್ತ ತಂತ್ರಾಂಶವಾಗಿ ಬಂದದ್ದು, ಇನ್ನೂ ಎಳೆಯದು. ಅಲ್ಲಿ ಗುರುತನ್ನು ಕೋಷ್ಟಕದ ಬೆನ್ನಿಗೇ ಬರೆಯುತ್ತೀರಿ, ಅದು ಆ ಕೋಷ್ಟಕಕ್ಕೇ ಅಂಟುತ್ತದೆ. ಇಲ್ಲದ ಗುರುತನ್ನು ಕರೆದರೆ ಪಿಡಿಎಫ್ ಮಾಡುವುದೇ ಇಲ್ಲ, ದೋಷ ತೋರಿಸಿ ನಿಲ್ಲುತ್ತದೆ. ನನಗೆ ಈ ಹಟ ತುಂಬಾ ಇಷ್ಟ.

ತೀರ್ಮಾನಿಸುವ ಮುಂಚೆ ನಿಮ್ಮ ವರದಿಯ ಒಂದು ಅಧ್ಯಾಯ ತೆಗೆದುಕೊಳ್ಳಿ. ನಡುವೆ ಒಂದು ಕೋಷ್ಟಕ ಸೇರಿಸಿ, ಇನ್ನೊಂದನ್ನು ಅಳಿಸಿ, ಉಲ್ಲೇಖಗಳು ಏನಾದವು ನೋಡಿ. ಆಮೇಲೆ ಅದೇ ಫೈಲನ್ನು ಸಹೋದ್ಯೋಗಿಗೆ ಕೊಟ್ಟು ಒಂದು ಮಿತಿಯನ್ನು ಬದಲಿಸಲು ಹೇಳಿ. ನಿಮ್ಮನ್ನು ಕೂಗದೆ ಅವರು ಅದನ್ನು ಮಾಡಿ ಮುಗಿಸಿದರೆ, ಆ ಸಾಫ್ಟ್‌ವೇರನ್ನೇ ಇಟ್ಟುಕೊಳ್ಳಿ.