ಹಗುರ ರೈಫಲ್‌ನ ಒದೆತ ಮತ್ತು ಗುರಿ: ಕೊಲೊರಾಡೊದಿಂದ ಬಂದ ಪ್ರಶ್ನೆಗೆ ಉತ್ತರ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಪೂರ್ತಿಯಾಗಿ ಓದಿದೆ. ಅಮೆರಿಕದ ಕೊಲೊರಾಡೊದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆಂದು ನೀವು ಕೊಂಡಿರುವ, .308 ವಿಂಚೆಸ್ಟರ್ ಎಂಬ ತೋಟೆ ಹಾರಿಸುವ ರೈಫಲ್ ಸ್ಕೋಪ್ ಸೇರಿ 6 ಪೌಂಡ್ ತೂಗುತ್ತದೆ. 100 ಗಜದಲ್ಲಿ ಮೊದಲ ಎರಡು ಈಡುಗಳು ಒಂದರ ಪಕ್ಕ ಒಂದು ಬೀಳುತ್ತವೆ, ಆಮೇಲಿನವು ಮೇಲಕ್ಕೆ ಸರಿದು ಒಟ್ಟು 4 ಇಂಚಿನಷ್ಟು ಹರಡುತ್ತವೆ. ಕೊಡಗಿನಲ್ಲಿ 12 ಬೋರ್ ತೋಟೆಕೋವಿ ಹಿಡಿದು ಬೆಳೆದ ನಿಮಗೂ ಇದರ ಒದೆತ ಸಹಿಸಲಾಗುತ್ತಿಲ್ಲ. ರೈಫಲ್ಲನ್ನು ಮಾರಿಬಿಡಬೇಕೇ, ಇಲ್ಲವೇ ಮಜಲ್ ಬ್ರೇಕ್ (ಒದೆತ ತಗ್ಗಿಸಲು ನಳಿಗೆಯ ತುದಿಗೆ ಹಾಕುವ ತೂತುಗಳ ತುಂಡು) ಹಾಕಿಸಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡವೆಂಬುದು ನನ್ನ ಅಭಿಪ್ರಾಯ. ಹಗುರ ರೈಫಲ್‌ನಲ್ಲಿ ಒದೆತವೂ ಗುರಿಯ ಚದುರುವಿಕೆಯೂ ಬಹುಮಟ್ಟಿಗೆ ಒಂದೇ ಕಾರಣದಿಂದ ಹುಟ್ಟುತ್ತವೆ, ಹಾಗಾಗಿ ಮೊದಲು ಹಿಡಿತವನ್ನು ಸರಿಪಡಿಸಿಕೊಂಡು ಆಮೇಲೆ ರೈಫಲ್ಲನ್ನು ಅನುಮಾನಿಸುವುದು ಒಳ್ಳೆಯದು.

ತೂಕದ ಲೆಕ್ಕವನ್ನು ಮೊದಲು ನೋಡೋಣ. 150 ಗ್ರೇನ್ (ಸುಮಾರು 9.7 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 2,800 ಅಡಿ ವೇಗದಲ್ಲಿ ಹೊರಟಾಗ, 8 ಪೌಂಡಿನ ರೈಫಲ್ ಹಿಂದಕ್ಕೆ ಒದೆಯುವ ಶಕ್ತಿ ಅಂದಾಜು 16 ಅಡಿ-ಪೌಂಡ್ ಆಗುತ್ತದೆ. ಅದೇ ತೋಟೆಯನ್ನು 6 ಪೌಂಡಿನ ರೈಫಲ್‌ನಲ್ಲಿ ಹಾರಿಸಿದರೆ ಅದು 21ರ ಆಸುಪಾಸಿಗೆ ಏರುತ್ತದೆ. ಗುಂಡು ಮತ್ತು ಮದ್ದು ಕೊಡುವ ತಳ್ಳು ಎರಡರಲ್ಲಿಯೂ ಒಂದೇ ಆದರೂ ತೂಕ ಕಡಿಮೆಯಾದಷ್ಟು ರೈಫಲ್ ಹೆಚ್ಚು ವೇಗವಾಗಿ ಹಿಂದಕ್ಕೆ ಬರುತ್ತದೆ, ಭುಜಕ್ಕೆ ನೋವೆನಿಸುವುದು ಆ ವೇಗವೇ. ನಿಮ್ಮ 12 ಬೋರಿನ ಒದೆತವೂ ಲೆಕ್ಕದಲ್ಲಿ ಇದಕ್ಕಿಂತ ಬಹಳ ಕಡಿಮೆಯೇನಲ್ಲ. ಆದರೆ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವಾಗ ನೀವು ನಿಂತಿರುತ್ತೀರಿ, ಸೊಂಟದಿಂದ ಮೇಲಿನ ದೇಹವೆಲ್ಲ ಒದೆತದ ಜೊತೆಗೆ ಹಿಂದಕ್ಕೆ ಬಾಗಿ ಅದನ್ನು ನುಂಗಿಕೊಳ್ಳುತ್ತದೆ. ಶೂಟಿಂಗ್ ರೇಂಜಿನ ಮೇಜಿಗೆ ಎದೆಯೊತ್ತಿ ಕುಳಿತಾಗ ದೇಹಕ್ಕೆ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ, ಅಷ್ಟೂ ಪೆಟ್ಟು ಒಂದೇ ಕಡೆ ಬೀಳುತ್ತದೆ.

ಈಗ ಗುರಿಯ ವಿಷಯಕ್ಕೆ ಬರುತ್ತೇನೆ. ರೈಫಲ್ ಹಿಂದಕ್ಕೆ ಚಲಿಸಲು ಆರಂಭಿಸುವುದು ಗುಂಡು ಹೊರಬಿದ್ದ ಮೇಲಲ್ಲ, ಗುಂಡು ನಳಿಗೆಯೊಳಗೆ ಓಡುತ್ತಿರುವಾಗಲೇ. 22 ಇಂಚಿನ ನಳಿಗೆಯಿರುವ 6 ಪೌಂಡಿನ ರೈಫಲ್, ಗುಂಡು ಬಾಯಿ ದಾಟುವಷ್ಟರಲ್ಲಿ, ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ಹಿಂದಕ್ಕೆ ಸರಿದಿರುತ್ತದೆ. ನಳಿಗೆಯ ನೇರವು ಭುಜಕ್ಕೆ ತಾಗುವ ಜಾಗಕ್ಕಿಂತ ಮೇಲಿರುವುದರಿಂದ, ಹಿಂದಕ್ಕೆ ಸರಿಯುವುದರ ಜೊತೆಗೆ ಅದರ ಮೂತಿ ಮೇಲಕ್ಕೆ ಏಳಲು ಹೊರಟಿರುತ್ತದೆ. ಮುಂದಿನ ಕೈ ಎಲ್ಲಿತ್ತು, ಭುಜಕ್ಕೆ ಎಷ್ಟು ಒತ್ತಿ ಹಿಡಿದಿರಿ, ಕೆನ್ನೆಯ ಭಾರ ಎಷ್ಟಿತ್ತು ಎಂಬುದೆಲ್ಲ ಈ ಚಲನೆಯನ್ನು ಬದಲಿಸುತ್ತದೆ. ಭಾರದ ರೈಫಲ್ ಇಂತಹ ಸಣ್ಣ ವ್ಯತ್ಯಾಸಗಳನ್ನು ಬಹಳಷ್ಟು ಮನ್ನಿಸುತ್ತದೆ, ಹಗುರದ್ದು ಮನ್ನಿಸುವುದಿಲ್ಲ. ಮೂರನೆಯ ಈಡಿಗೆ ಭುಜ ನೋಯತೊಡಗಿ ನೀವು ಅರಿವಿಲ್ಲದೆಯೇ ಹಿಡಿತ ಸಡಿಲಿಸಿದರೆ, ಗುಂಡು ಬೇರೆ ಕಡೆ ಬೀಳುವುದು ಸಹಜವೇ.

ಆದ್ದರಿಂದ ಮೇಜಿನ ಮೇಲೆ ಹೀಗೆ ಪ್ರಯತ್ನಿಸಿ. ಮುಂಭಾಗದ ಮರಳುಚೀಲವು ಸ್ಟಾಕಿನ (ನಳಿಗೆಯನ್ನು ಹೊತ್ತು ಭುಜದವರೆಗೆ ಬರುವ ಮರದ ಅಥವಾ ಪ್ಲಾಸ್ಟಿಕ್ಕಿನ ಭಾಗದ) ಕೆಳಗಿರಬೇಕು, ನಳಿಗೆಗೆ ಎಂದೂ ತಾಗಬಾರದು, ಪಟ್ಟಿ ಸಿಕ್ಕಿಸುವ ಗುಬುಟು ಕೂಡ ಚೀಲಕ್ಕೆ ತಗುಲದಷ್ಟು ಮುಂದಿರಬೇಕು. ಅದು ತಗುಲಿದರೆ ರೈಫಲ್ ಹಿಂದೆ ಸರಿಯುವಾಗ ಚೀಲದ ಮೇಲೆ ಹತ್ತಿ ಮೂತಿ ಮೇಲಕ್ಕೆ ಜಿಗಿಯುತ್ತದೆ. ಹಿಂಭಾಗಕ್ಕೂ ಒಂದು ಚೀಲವಿರಲಿ. ಭಾರದ ಸ್ಪರ್ಧಾ ರೈಫಲ್‌ಗಳನ್ನು ಚೀಲದ ಮೇಲೆ ಬಿಟ್ಟು, ಕೈ ಸೋಕಿಸಿಯೂ ಸೋಕಿಸದಂತೆ ಹಾರಿಸುವವರನ್ನು ನೀವು ಅಲ್ಲಿ ನೋಡಿರಬಹುದು. ಆ ಕ್ರಮ ನಿಮ್ಮ ರೈಫಲ್‌ಗೆ ಹೊಂದುವುದಿಲ್ಲ. ನೀವು ಎಡಗೈಯಿಂದ ಸ್ಟಾಕಿನ ಮುಂಭಾಗವನ್ನು ಹಿಡಿದು, ಪ್ರತಿ ಈಡಿಗೂ ಒಂದೇ ಬಿಗಿಯಲ್ಲಿ ಭುಜದ ಕುಳಿಗೆ ಎಳೆದುಕೊಳ್ಳಿ. ಕುರ್ಚಿಯನ್ನು ಎತ್ತರಿಸಿ ಬೆನ್ನು ಆದಷ್ಟು ನೇರವಾಗಿರುವಂತೆ ಕುಳಿತರೆ ಒದೆತದೊಂದಿಗೆ ದೇಹ ಹಿಂದಕ್ಕೆ ತೂಗಲು ಅವಕಾಶ ಸಿಗುತ್ತದೆ. ಸ್ಕೋಪಿನಿಂದ ಕಣ್ಣು ಮೂರೂವರೆ ಇಂಚಿಗಿಂತ ಹತ್ತಿರ ಬಾರದಂತೆಯೂ ನೋಡಿಕೊಳ್ಳಿ, ಏಕೆಂದರೆ ಹಗುರ ರೈಫಲ್‌ನ ಸ್ಕೋಪ್ ಹುಬ್ಬು ಸೀಳಿದ ಉದಾಹರಣೆಗಳು ಬೇಕಾದಷ್ಟಿವೆ.

ಟ್ರಿಗರಿನ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ತೋಟೆಕೋವಿಯ ಟ್ರಿಗರನ್ನು ಥಟ್ಟನೆ ಎಳೆಯುವುದೇ ರೂಢಿ, ಹಾರುವ ಗುರಿಗೆ ಅದೇ ಸರಿಯಾದ ಕ್ರಮ ಕೂಡ. ರೈಫಲ್‌ಗೆ ಅದು ಸಲ್ಲದು. 6 ಪೌಂಡ್ ತೂಕದ ರೈಫಲ್‌ನ ಟ್ರಿಗರನ್ನು 4 ಪೌಂಡ್ ಬಲದಿಂದ ಎಳೆಯಬೇಕಾದರೆ, ಬೆರಳಿನ ಎಳೆತವೊಂದೇ ಅದನ್ನು ಪಕ್ಕಕ್ಕೆ ತಳ್ಳಲು ಸಾಕು. ನಿಮ್ಮದು ಹೊಂದಿಸಬಹುದಾದ ಟ್ರಿಗರಾಗಿದ್ದರೆ ತಿಳಿದ ಗನ್‌ಸ್ಮಿತ್ ಕೈಯಲ್ಲಿ ಎರಡೂವರೆಯಿಂದ ಮೂರು ಪೌಂಡಿಗೆ ಇಳಿಸಿಕೊಳ್ಳಿ, ಬೇಟೆಗೆ ಅದಕ್ಕಿಂತ ಹಗುರ ಮಾಡಿಸಬೇಡಿ. ಬೆರಳಿನ ತುದಿಯ ಮೆತ್ತೆಯಿಂದ ನಿಧಾನವಾಗಿ ಒತ್ತುತ್ತ ಹೋಗಿ, ಈಡು ಸಿಡಿದ ಮೇಲೂ ಒಂದು ಕ್ಷಣ ಬೆರಳನ್ನು ಹಿಂದಕ್ಕೇ ಹಿಡಿದು, ಕಣ್ಣನ್ನು ಗುರಿಯಲ್ಲೇ ಇರಿಸಿ.

ಬೆಚ್ಚುವ ಅಭ್ಯಾಸ ನಿಮಗೆ ಈಗಾಗಲೇ ಅಂಟಿದೆಯೇ ಎಂದು ತಿಳಿಯುವುದು ಸುಲಭ. ಜೊತೆಗಿರುವವರಿಗೆ ಹೇಳಿ, ಕೆಲವು ನಿಜವಾದ ತೋಟೆಗಳ ನಡುವೆ ಮದ್ದಿಲ್ಲದ ಡಮ್ಮಿ ತೋಟೆಗಳನ್ನು, ನಿಮಗೆ ತಿಳಿಯದ ಹಾಗೆ, ಒಂದೊಂದಾಗಿ ತುಂಬಿಸಿ. ಡಮ್ಮಿ ಬಂದಾಗ ಸ್ಕೋಪಿನೊಳಗಿನ ಗುರಿಗೆರೆ ಕದಲದೆ ನಿಂತರೆ ಚಿಂತೆಯಿಲ್ಲ; ಮೂತಿ ಕೆಳಕ್ಕೆ ಕುಕ್ಕಿದರೆ ನಿಮ್ಮ ಗ್ರೂಪು, ಅಂದರೆ ಹಾಳೆಯ ಮೇಲೆ ಈಡುಗಳು ಬಿದ್ದ ಗುಂಪು, ಚದುರಿದ್ದಕ್ಕೆ ದೊಡ್ಡ ಕಾರಣ ಅಲ್ಲಿಯೇ ಇದೆ. ಅದಕ್ಕೆ ಪರಿಹಾರ ಹೆಚ್ಚು ಗುಂಡು ಹಾರಿಸುವುದಲ್ಲ, ಕಡಿಮೆ ಹಾರಿಸುವುದು. ಒಂದು ದಿನಕ್ಕೆ ಈ ರೈಫಲ್‌ನಿಂದ ಹತ್ತು ಹನ್ನೆರಡು ಈಡುಗಳು ಸಾಕು, ಉಳಿದ ಅಭ್ಯಾಸವನ್ನು ಒದೆತ ಬಹಳ ಕಡಿಮೆಯಿರುವ ಸಣ್ಣ .22 ರೈಫಲ್‌ನಲ್ಲಿ ಮಾಡಿ. ಮನೆಯಲ್ಲಿ, ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ನಳಿಗೆ ಖಾಲಿಯೆಂದು ಎರಡು ಸಲ ನೋಡಿಕೊಂಡು ಬರಿ ಟ್ರಿಗರ್ ಒತ್ತುವ ಅಭ್ಯಾಸವೂ ಬಹಳ ಉಪಕಾರಿ. ರೇಂಜಿನಲ್ಲಿ ಕಿವಿಯೊಳಗೆ ಬಿರಡೆ ಹಾಗೂ ಅದರ ಮೇಲೆ ಇಯರ್ ಮಫ್ ಎರಡನ್ನೂ ಧರಿಸಿ. .308ರ ಸದ್ದು 160 ಡೆಸಿಬಲ್ ಆಸುಪಾಸಿನದು, ಒದೆತಕ್ಕಿಂತ ಸದ್ದಿಗೇ ಬೆಚ್ಚುವವರು ಹೆಚ್ಚೆಂಬುದು ನಾನು ಕಂಡ ವಿಷಯ.

ಇಷ್ಟಾದ ಮೇಲೆ ರೈಫಲ್ಲಿನ ಕಡೆ ನೋಡಿ. ಸ್ಕೋಪಿನ ತಳಪಟ್ಟಿ ಮತ್ತು ಬಳೆಗಳ ತಿರುಪುಗಳನ್ನೂ ನಳಿಗೆಯ ಭಾಗವನ್ನು ಸ್ಟಾಕಿಗೆ ಕಚ್ಚಿಸುವ ತಿರುಪುಗಳನ್ನೂ ತಯಾರಕರ ಕೈಪಿಡಿಯಲ್ಲಿ ಹೇಳಿರುವ ಬಿಗಿಗೆ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ, ಹಗುರ ರೈಫಲ್‌ನ ಹೊಡೆತಕ್ಕೆ ಇವು ಬೇಗ ಸಡಿಲವಾಗುತ್ತವೆ. ನಳಿಗೆಗೂ ಸ್ಟಾಕಿಗೂ ನಡುವೆ ಒಂದು ಕಾಗದದ ಚೂರನ್ನು ತೂರಿಸಿ ಹಿಂದಿನವರೆಗೆ ಎಳೆದು ನೋಡಿ, ಅದು ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಪ್ಲಾಸ್ಟಿಕ್ ಸ್ಟಾಕಾದರೆ ರೈಫಲ್ ಚೀಲದ ಮೇಲೆ ಒತ್ತಿ ಕುಳಿತಿರುವಾಗಲೂ ಒಮ್ಮೆ ನೋಡಬೇಕು, ಏಕೆಂದರೆ ಬರಿಗೈಯಲ್ಲಿ ಬಿಡುವಾಗಿ ಕಾಣುವ ಸ್ಟಾಕ್ ಭಾರ ಬಿದ್ದಾಗ ಬಾಗಿ ನಳಿಗೆಗೆ ತಾಗುವುದುಂಟು.

ಮೊದಲೆರಡು ಈಡುಗಳು ಸರಿಯಾಗಿ ಬಿದ್ದು ಉಳಿದವು ಮೇಲಕ್ಕೆ ಏರುತ್ತವೆ ಎಂಬ ನಿಮ್ಮ ಮಾತು ಕಾದ ನಳಿಗೆಯನ್ನೂ ಸೂಚಿಸುತ್ತದೆ. ತೂಕ ಉಳಿಸಲು ನಳಿಗೆಯನ್ನು ತೆಳುವಾಗಿ ಕಡೆದಿರುವುದರಿಂದ ಅದು ಎರಡು ಮೂರು ಈಡಿಗೇ ಬಿಸಿಯಾಗುತ್ತದೆ, ಬಿಸಿಯಾದಂತೆ ತುಸು ಬಾಗಲೂಬಹುದು. ಐದೈದು ಈಡುಗಳನ್ನು ಒಂದೇ ಉಸಿರಿಗೆ ಹಾರಿಸಿ ಅಳೆದರೆ ಈ ಬಗೆಯ ರೈಫಲ್‌ಗೆ ಅನ್ಯಾಯವಾಗುತ್ತದೆ. ಮೂರು ಈಡು ಹಾರಿಸಿ, ಬೋಲ್ಟ್ ತೆರೆದಿಟ್ಟು, ನಳಿಗೆ ಕೈಗೆ ತಣ್ಣಗೆ ತಾಗುವವರೆಗೆ ಕಾಯಿರಿ. ಇನ್ನೂ ಒಳ್ಳೆಯದೆಂದರೆ, ರೇಂಜಿಗೆ ಹೋದಾಗಲೆಲ್ಲ ತಣ್ಣನೆಯ ನಳಿಗೆಯಿಂದ ಮೊದಲ ಈಡನ್ನು ಒಂದೇ ಗುರಿಹಾಳೆಗೆ ಹೊಡೆದು, ಆ ಹಾಳೆಯನ್ನು ಜೋಪಾನ ಮಾಡಿ. ಎಲ್ಕ್ ಎದುರಾದಾಗ ನೀವು ಹಾರಿಸುವುದು ಅಂತಹ ಈಡನ್ನೇ. ಎಲ್ಕಿನ ಮರ್ಮಸ್ಥಾನ ಸುಮಾರು 10 ಇಂಚು ಅಗಲವಿರುವಾಗ, 100 ಗಜದಲ್ಲಿ ಒಂದೂವರೆ ಇಂಚಿಗೆ ಕೂರುವ ರೈಫಲ್ 300 ಗಜಕ್ಕೂ ಸಾಕಾಗುತ್ತದೆ. ಅದಕ್ಕಿಂತ ಕಿರಿದಾದ ಗ್ರೂಪಿಗಾಗಿ ಹಟ ಹಿಡಿದು ಭುಜ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಮಜಲ್ ಬ್ರೇಕ್ ಒದೆತವನ್ನು ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ತಗ್ಗಿಸಬಲ್ಲುದು ನಿಜ, ಆದರೆ ಸದ್ದನ್ನು ಹಿಂದಕ್ಕೆ, ನಿಮ್ಮ ಮತ್ತು ಪಕ್ಕದಲ್ಲಿರುವವರ ಕಿವಿಯ ಕಡೆಗೆ ತಿರುಗಿಸುತ್ತದೆ. ಕಾಡಿನಲ್ಲಿ ಕಿವಿಗೆ ಏನೂ ಹಾಕದೆ ಹಾರಿಸುವ ಒಂದೇ ಈಡು ಕೂಡ ಶಾಶ್ವತ ಹಾನಿ ಮಾಡಬಹುದು. ಹಣ ಖರ್ಚು ಮಾಡುವುದಾದರೆ ಕೊಲೊರಾಡೊದಲ್ಲಿ ಬೇಟೆಗೂ ಅನುಮತಿಯಿರುವ ಸಪ್ರೆಸರ್ (ನಳಿಗೆಯ ತುದಿಗೆ ಹಾಕುವ ಸದ್ದಡಗಿಸುವ ಕೊಳವೆ) ಉತ್ತಮ, ಅದು ಸದ್ದು ಮತ್ತು ಒದೆತ ಎರಡನ್ನೂ ತಗ್ಗಿಸುತ್ತದೆ, ಉದ್ದ ಹೆಚ್ಚುವುದು ಅದರ ಕೊರತೆ. ಅದಕ್ಕೂ ಮೊದಲು ಒಳ್ಳೆಯ ಮೆತ್ತನೆಯ ರಬ್ಬರ್ ಪ್ಯಾಡ್ ಹಾಕಿಸಿ. ಆಗ ಸ್ಟಾಕಿನ ಉದ್ದವನ್ನು ಬೇಟೆಯ ದಪ್ಪ ಜಾಕೆಟ್ ತೊಟ್ಟೇ ಅಳೆಸಿಕೊಳ್ಳಿ. ಅಭ್ಯಾಸಕ್ಕೆ ಒದೆತ ಕಡಿಮೆಯಿರುವ ತೋಟೆಗಳೂ ಸಿಗುತ್ತವೆ. ಆದರೆ ಅವು ಬೇರೆ ಎತ್ತರದಲ್ಲಿ ಬೀಳುವುದರಿಂದ ಬೇಟೆಯ ತೋಟೆಯಲ್ಲಿ ಮತ್ತೆ ಝೀರೋ ಮಾಡಲೇಬೇಕು, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪನ್ನು ಹೊಂದಿಸಲೇಬೇಕು. ತೆಳು ನಳಿಗೆಗಳು ಒಂದೊಂದು ತೋಟೆಗೆ ಒಂದೊಂದು ರೀತಿ ವರ್ತಿಸುತ್ತವೆ, ಹಾಗಾಗಿ ಎರಡು ಮೂರು ಬಗೆಯ ತೋಟೆಗಳನ್ನು ಒಂದೊಂದು ಡಬ್ಬಿ ತಂದು ಹೋಲಿಸಿ. ಕೊಲೊರಾಡೊದ ನಿಯಮದ ಪ್ರಕಾರ ಎಲ್ಕಿಗೆ ಕನಿಷ್ಠ 85 ಗ್ರೇನ್ ಗುಂಡು ಮತ್ತು 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಬೇಕು. .308 ಇದನ್ನು ಸುಲಭವಾಗಿ ದಾಟುವುದರಿಂದ 180 ಗ್ರೇನ್ ಬದಲು ಗಟ್ಟಿ ರಚನೆಯ 150 ಗ್ರೇನ್ ಗುಂಡನ್ನೇ ಆರಿಸಿಕೊಳ್ಳಲು ಹಿಂಜರಿಯಬೇಡಿ.

ಝೀರೋ ಆದ ಮೇಲೆ ಮೇಜನ್ನು ಬಿಟ್ಟುಬಿಡಿ. ಕುಳಿತು, ಮಂಡಿಯೂರಿ, ಬೆನ್ನುಚೀಲಕ್ಕೆ ಆನಿಸಿ, ಕವೆಕೋಲಿನ ಮೇಲಿಟ್ಟು ಹಾರಿಸಿ. ಮೇಜಿನಲ್ಲಿ ಕಾಡಿದ ಒದೆತ ಅಲ್ಲಿ ಎಷ್ಟು ಕಡಿಮೆಯೆನಿಸುತ್ತದೆ ಎಂಬುದನ್ನು ನೀವೇ ಕಾಣುವಿರಿ. ಇದೆಲ್ಲ ಆದ ಮೇಲೂ, ಬೇರೊಬ್ಬ ಅನುಭವಿಯ ಕೈಯಲ್ಲಿಯೂ, ತಣ್ಣನೆಯ ನಳಿಗೆಯ ಮೂರು ಈಡುಗಳು ಎರಡು ಇಂಚಿಗಿಂತ ಹೆಚ್ಚು ಹರಡಿದರೆ, ಆಗ ಗುರಿಹಾಳೆಗಳ ಸಮೇತ ರೈಫಲ್ಲನ್ನು ಮಾರಿದವರ ಬಳಿಗೆ ಒಯ್ಯಿರಿ.